ಲೈಸೆನ್ಸ್ ರಿನ್ಯೂ ಮಾಡೋಕೆ 45 ಗಂಟೆ: ಮೂರು ದಾರಿಯಲ್ಲೂ ಕೂತು ನೋಡಿದೆ

ಕ್ಯಾಲಿಫೋರ್ನಿಯಾದಲ್ಲಿ ರಿಯಲ್ ಎಸ್ಟೇಟ್ ಲೈಸೆನ್ಸ್ ಇಟ್ಟುಕೊಂಡವರಿಗೆ ನಾಲ್ಕು ವರ್ಷಕ್ಕೊಮ್ಮೆ ಈ ಕಾಟ ತಪ್ಪಿದ್ದಲ್ಲ. 45 ಗಂಟೆ ಕೋರ್ಸು, ಪರೀಕ್ಷೆ, ಆಮೇಲೆ ರಿನ್ಯೂವಲ್. ನಾನು ಎರಡು ಸಲ ಮಾಡಿದ್ದೇನೆ. 2021ರಲ್ಲಿ ಪೂರ್ತಿ ಆನ್‌ಲೈನ್‌ನಲ್ಲಿ ನಾನೇ ಓದಿಕೊಂಡೆ. 2025ರಲ್ಲಿ ಸ್ವಲ್ಪ ಸ್ವಂತ ಓದು, ಸ್ವಲ್ಪ ವೆಬಿನಾರ್, ಒಂದು ದಿನ ಕ್ಲಾಸ್‌ರೂಮು. ಹೊಸದಾಗಿ ಈ ಕೆಲಸಕ್ಕೆ ಬಂದ ಗೆಳತಿ "ಯಾವುದಕ್ಕೆ ದುಡ್ಡು ಕಟ್ಟಲಿ ಹೇಳಿ" ಅಂದಳು. ಫೋನಲ್ಲಿ ಮುಗಿಯುವ ಮಾತಲ್ಲ, ಅದಕ್ಕೇ ಬರೆದೇ ಬಿಡುತ್ತಿದ್ದೇನೆ.

ಸ್ವಂತ ಓದು ಎಲ್ಲಕ್ಕಿಂತ ಅಗ್ಗ. ಪಿಡಿಎಫ್ ಕೊಡುತ್ತಾರೆ, ರಾತ್ರಿ ಮಕ್ಕಳು ಮಲಗಿದ ಮೇಲೆ ಓದಬಹುದು. ಪರೀಕ್ಷೆಯಲ್ಲಿ ಒಂದು ಪ್ರಶ್ನೆಗೆ ಒಂದು ನಿಮಿಷ, 70 ಪರ್ಸೆಂಟ್ ಬಂದರೆ ಪಾಸು. ಫೇಲಾದರೆ ಇನ್ನೊಂದೇ ಅವಕಾಶ, ಅದೂ ಹೋದರೆ ಆ ಕೋರ್ಸು ಮತ್ತೆ ಮೊದಲಿನಿಂದ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿಲ್ಲದೇ ಇದ್ದದ್ದು ಒಂದೇ, 24 ಗಂಟೆಯೊಳಗೆ 15 ಗಂಟೆಯಷ್ಟು ಕೋರ್ಸಿನ ಪರೀಕ್ಷೆ ಮಾತ್ರ ಬರೆಯಬಹುದು ಅನ್ನೋದು.

2021ರಲ್ಲಿ ನನ್ನ ಲೈಸೆನ್ಸ್ ಒಂದು ಭಾನುವಾರ ರಾತ್ರಿ ಮುಗಿಯೋದಿತ್ತು. ಪಾಠ ಎಲ್ಲ ಓದಾಗಿತ್ತು, ಪರೀಕ್ಷೆ ಶನಿವಾರ ಭಾನುವಾರ ಕೂತು ಮುಗಿಸಿದರಾಯ್ತು ಅಂತ ಆರಾಮಾಗಿದ್ದೆ. ಶನಿವಾರ ಸಂಜೆ ಹೊತ್ತಿಗೆ ಐದನೇ ಪರೀಕ್ಷೆ ಮುಗಿಸಿ ಮುಂದಿನದಕ್ಕೆ ಒತ್ತಿದರೆ ಬಟನ್ ಬೂದುಬಣ್ಣಕ್ಕೆ ತಿರುಗಿ ಸುಮ್ನೆ ಕೂತಿದೆ, ಕೆಳಗೆ ನಾಳೆ ಬನ್ನಿ ಅಂತ ಒಂದು ಸಾಲು. ಶನಿವಾರ 15, ಭಾನುವಾರ 15, ಉಳಿದ 15 ಸೋಮವಾರಕ್ಕೆ. ಲೈಸೆನ್ಸ್ ಭಾನುವಾರವೇ ಸತ್ತಿತು. ಅವಧಿ ಮುಗಿದ ಮೇಲೂ ಎರಡು ವರ್ಷದವರೆಗೆ ರಿನ್ಯೂ ಮಾಡಬಹುದು ನಿಜ, ದಂಡ ಕಟ್ಟಿ. ಆದರೆ ಅಲ್ಲಿಯವರೆಗೆ ಲೈಸೆನ್ಸ್ ಬೇಕಾದ ಯಾವ ಕೆಲಸವನ್ನೂ ಮುಟ್ಟುವ ಹಾಗಿಲ್ಲ. ಸೋಮವಾರ ಸಂಜೆ ಮನೆ ನೋಡಲು ಬರಬೇಕಿದ್ದ ದಂಪತಿಯನ್ನು ಸಹೋದ್ಯೋಗಿಗೆ ಒಪ್ಪಿಸಿದೆ. ತಪ್ಪು ಪೂರ್ತಿ ನನ್ನದೇ, 90 ದಿನ ಮುಂಚೆಯೇ ರಿನ್ಯೂವಲ್ ಅರ್ಜಿ ಹಾಕಲು ಬಿಡುತ್ತಾರೆ.

ಸ್ವಂತ ಓದಿನ ಇನ್ನೊಂದು ತೊಂದರೆ 2025ರಲ್ಲಿ ಕಂಡಿತು. ಕೋರ್ಸಿಗೆ ಸಿಗುವ ಮಂಜೂರಾತಿ ಎರಡು ವರ್ಷದ್ದು, ಅಷ್ಟರಲ್ಲಿ ಪಾಠ ಹಳತಾಗಿರಬಹುದು. ನಾನು ಕೊಂಡ ಕಾಂಟ್ರಾಕ್ಟ್ ಕೋರ್ಸು, ಮಾರುವವರ ಏಜೆಂಟ್ ಎಂಎಲ್‌ಎಸ್‌ನಲ್ಲಿ, ಅಂದರೆ ಮಾರಾಟದ ಮನೆಗಳ ಹಂಚಿಕೆಯ ಪಟ್ಟಿಯಲ್ಲಿ, ಕೊಳ್ಳುವವರ ಏಜೆಂಟ್‌ಗೆ ಕಮಿಷನ್ ತೋರಿಸುವ ಬಗೆಯನ್ನು ಇನ್ನೂ ಪಾಠ ಮಾಡುತ್ತಿತ್ತು. ಅದು ನಿಂತದ್ದು 2024ರ ಆಗಸ್ಟ್ 17ಕ್ಕೆ! ಸರ್ಟಿಫಿಕೇಟ್ ಸಿಕ್ಕಿತು, ಆದರೆ ಅದನ್ನು ನಂಬಿ ಗಿರಾಕಿಗೆ ಮಾತಾಡಿದ್ದರೆ ನಗೆಪಾಟಲು.

ಅದೇ ವಿಷಯ ವೆಬಿನಾರ್‌ನಲ್ಲಿ ಹೇಳಿದವರು ವಾರಕ್ಕೆ ನಾಲ್ಕು ಅಗ್ರಿಮೆಂಟ್ ಬರೆಯುವ ಬ್ರೋಕರ್. ಕೊಳ್ಳುವವರ ಜೊತೆಗಿನ ಒಪ್ಪಂದ ಸಾಮಾನ್ಯವಾಗಿ ಮೂರು ತಿಂಗಳಿಗಿಂತ ಜಾಸ್ತಿ ಇರುವಂತಿಲ್ಲ ಅನ್ನುವ 2025ರ ಜನವರಿಯ ಕಾನೂನನ್ನು ತುಂಬಿದ ಫಾರ್ಮು ಹಿಡಿದೇ ವಿವರಿಸಿದರು. ಬೆಲೆ ಮೂರು ಪಟ್ಟು, ಕ್ಯಾಮೆರಾ ಆನ್ ಇರಬೇಕು, 90 ಪರ್ಸೆಂಟ್ ಹೊತ್ತು ಹಾಜರಿ ಕಡ್ಡಾಯ. ಮಧ್ಯೆ ಗಿರಾಕಿ ಫೋನ್ ಬಂದರೆ ಒದ್ದಾಟ. ಆದರೂ ಕಾಂಟ್ರಾಕ್ಟ್ ವಿಷಯಕ್ಕೆ ನನ್ನ ವೋಟು ಇದಕ್ಕೇ.

ಇನ್ನು ಕ್ಲಾಸ್‌ರೂಮು. ಪಾರ್ಕಿಂಗ್ ಹುಡುಕಾಟ, ತಣ್ಣಗಾದ ಕಾಫಿ, ಅರ್ಧ ದಿನ ಹೋಯ್ತು. ಫೇರ್ ಹೌಸಿಂಗ್‌ಗೆ ಮಾತ್ರ ಹೋಗಿದ್ದೆ, ಅಂದರೆ ಮನೆ ವಿಷಯದಲ್ಲಿ ಜನಾಂಗ, ಧರ್ಮ ನೋಡಿ ಭೇದ ಮಾಡಬಾರದು ಅನ್ನುವ ಕಾನೂನಿನ ಪಾಠಕ್ಕೆ. 2023ರಿಂದ ಅದರಲ್ಲಿ ಪಾತ್ರ ಹಾಕಿ ಮಾತಾಡುವ ಭಾಗ ಕಡ್ಡಾಯ, ಜೊತೆಗೆ ನಮಗೇ ಗೊತ್ತಿಲ್ಲದ ಪೂರ್ವಗ್ರಹದ ಬಗ್ಗೆ ಎರಡು ಗಂಟೆ ಇಂಪ್ಲಿಸಿಟ್ ಬಯಾಸ್ ಪಾಠ ಬೇರೆ. ಆನ್‌ಲೈನ್ ಕೋರ್ಸಿನ ಮಾದರಿ ಒಮ್ಮೆ ತೆರೆದು ನೋಡಿದ್ದೆ, ಅಲ್ಲಿ ಆ ಪಾತ್ರ ಅಂದರೆ ನಾಲ್ಕು ಉತ್ತರದಲ್ಲಿ ಒಂದನ್ನು ಒತ್ತೋದು. ಸರಿ ಉತ್ತರ ಕಣ್ಣಿಗೆ ರಾಚುತ್ತೆ, ಅಲ್ವಾ? ಕ್ಲಾಸಿನಲ್ಲಿ ನನ್ನೆದುರು ಕೂತವರು ಬಿಳಿಕೂದಲಿನ ಹಿರಿಯರು. ಕೊಳ್ಳುವವರ ಪಾತ್ರ ಅವರದು. "ಈ ಬೀದಿಯಲ್ಲಿ ನಿಮ್ಮ ಇಂಡಿಯಾದವರು ಇದ್ದಾರಾ?" ಅಂತ ಕೇಳಿದರು. ನಾನು ಯೋಚನೆಯೇ ಮಾಡದೆ "ಓ, ನಮ್ಮವರು ತುಂಬಾ ಇದ್ದಾರೆ, ನಿಮಗೆ ಖುಷಿಯಾಗುತ್ತೆ" ಅಂದುಬಿಟ್ಟೆ. ಅವರು ಪೆನ್ನು ಕೆಳಗಿಟ್ಟು ಸುಮ್ಮನೆ ನನ್ನನ್ನೇ ನೋಡಿದರು. ಜನ ಯಾರು ಅಂತ ಹೇಳಿ ಮನೆಯ ಕಡೆಗೆ ಎಳೆಯೋದು, ಅದೇ ಸ್ಟಿಯರಿಂಗ್, ಕಾನೂನು ಒಪ್ಪದ ಕೆಲಸ. ಎಂಟು ವರ್ಷದಿಂದ ನಮ್ಮ ಜನಕ್ಕೆ ಪ್ರೀತಿಯಿಂದ ಹೇಳುತ್ತಾ ಬಂದ ಮಾತು ಅದು!

ಗೆಳತಿ 9 ಗಂಟೆಯ ಸರ್ವೇ ಕೋರ್ಸಿನ, ಅಂದರೆ ಎಲ್ಲ ಕಡ್ಡಾಯ ವಿಷಯಗಳನ್ನೂ ಒಟ್ಟಿಗೆ ಮುಗಿಸುವ ಕೋರ್ಸಿನ ಬಗ್ಗೆಯೂ ಕೇಳಿದ್ದಳು. ಬಿಡಿ ಬಿಡಿಯಾಗಿ ತೆಗೆದರೆ 20 ಗಂಟೆ ಆಗುವ ಕಡ್ಡಾಯ ವಿಷಯಗಳು ಅದೊಂದರಲ್ಲೇ ಮುಗಿಯುತ್ತವೆ. ಆದರೆ ಬ್ರೋಕರ್ ಕೈಕೆಳಗೆ ಕೆಲಸ ಮಾಡುವ ಸೇಲ್ಸ್‌ಪರ್ಸನ್‌ಗೆ ಮೊದಲನೇ ರಿನ್ಯೂವಲ್‌ನಲ್ಲಿ ಅದು ಸಿಗಲ್ಲ. ಸಿಕ್ಕರೂ ಒಟ್ಟು 45 ಕಡಿಮೆಯಾಗಲ್ಲ, ಬೇರೆ ವಿಷಯ ಆರಿಸಲು ಜಾಗ ಸಿಗುತ್ತೆ ಅಷ್ಟೇ.

ಹೀಗಾಗಿ ಅವಳಿಗೆ ಹೇಳಿದ್ದು: ಫೇರ್ ಹೌಸಿಂಗ್ ಎದುರುಬದುರು ಕೂತು, ಕಾಂಟ್ರಾಕ್ಟ್ ವೆಬಿನಾರ್‌ನಲ್ಲಿ, ಉಳಿದದ್ದೆಲ್ಲ ಅಗ್ಗದ ಪಿಡಿಎಫ್. ಗಿರಾಕಿಗಳ ದುಡ್ಡು ಕಾಯ್ದಿಡುವ ಟ್ರಸ್ಟ್ ಫಂಡ್ ಪಾಠ ಎಲ್ಲಿ ಕೇಳಿದರೂ ನಿದ್ದೆ ಬರುತ್ತೆ, ಅದಕ್ಕೆ ಜಾಸ್ತಿ ಕೊಡಬೇಡ.

ಅಂದಹಾಗೆ ಆ ಹಿರಿಯರಿಗೆ 70 ದಾಟಿದೆ, ಲೈಸೆನ್ಸ್ 30 ವರ್ಷಕ್ಕಿಂತ ಹಳೆಯದು. ಅಂಥವರಿಗೆ ಈ 45 ಗಂಟೆಯಿಂದ ಪೂರ್ತಿ ವಿನಾಯಿತಿ ಇದೆ. ಮತ್ತೆ ಯಾಕೆ ಬಂದಿರಿ ಅಂತ ಕೇಳಿದೆ. "ಹೋದ ಸಲ ಆ ಬೀದಿಯ ಪ್ರಶ್ನೆಗೆ ನಾನೂ ನಿನ್ನ ಉತ್ತರವನ್ನೇ ಕೊಟ್ಟಿದ್ದೆ" ಅಂದರು.