ಸಾವಿರದೊಳಗಿನ ರಿಮೋಟ್ ಟ್ರೈಪಾಡ್: ವರ್ಷ ದಾಟಿದ ಮೇಲೆ ಒಬ್ಬ ಅಮ್ಮನ ಮಾತು

ಮಡಚಿದರೆ ಸೆಲ್ಫಿ ಕೋಲು, ಕಾಲು ಬಿಡಿಸಿದರೆ ಟ್ರೈಪಾಡ್. ಹಿಡಿಯಲ್ಲಿ ಸಿಕ್ಕಿಸಿಟ್ಟ ಪುಟ್ಟ ಬ್ಲೂಟೂತ್ ರಿಮೋಟ್. ಯಾವ ಕಂಪನಿ ಅಂತ ಕೇಳಬೇಡಿ, ಇದೇ ಮಾಲು ಹತ್ತಾರು ಹೆಸರಲ್ಲಿ ಸಿಗುತ್ತದೆ. ಎತ್ತರ, ತೂಕ ಎಲ್ಲ ಡಬ್ಬಿ ಮೇಲೇ ಇರುತ್ತದೆ, ಅದನ್ನು ಬಿಡೋಣ.

ನಾನು ಕೊಂಡಿದ್ದಕ್ಕೆ ಕಾರಣ ಒಂದೇ. ಮಗಳು ಹುಟ್ಟಿದ ಮೇಲಿನ ಫೋಟೊಗಳಲ್ಲಿ ನಾನೇ ಇಲ್ಲ. ಬಾಣಂತನದಲ್ಲಿ ದೃಷ್ಟಿಯಾಗುತ್ತದೆ ಅಂತ ಅಮ್ಮ ನನ್ನ ಫೋಟೊ ತೆಗೆಯೋಕೇ ಬಿಡಲಿಲ್ಲ. ತಲೆಗೆ ಬಟ್ಟೆ ಕಟ್ಟಿಕೊಂಡು ಸಾಂಬ್ರಾಣಿ ಹೊಗೆಯಲ್ಲಿ ಕೂತಾಗ ಹೇಗೆ ಕಾಣುತ್ತಿದ್ದೆನೋ, ಇವತ್ತಿಗೂ ಗೊತ್ತಿಲ್ಲ. ಆಮೇಲೆ ಫೋನ್ ಹಿಡಿಯುವವಳು ನಾನೇ ಆದೆ. ಎಲ್ಲದರಲ್ಲೂ ಮಗು, ಮಗುವಿನ ಬೆನ್ನಿಗೊಂದು ಕೈ, ಕೈಯಲ್ಲಿ ಹಸಿರು ಬಳೆ. ಆ ಕೈ ಮಾತ್ರ ನಾನು.

19ನೇ ಶತಮಾನದ ಇಂಗ್ಲೆಂಡಿನ ಫೋಟೊಗಳಲ್ಲಿ ಒಂದು ವಿಚಿತ್ರ ಇದೆ, ನೋಡಿದ್ದೀರಾ? ಆಗ ಫೋಟೊ ಸರಿಯಾಗಿ ಬೀಳಬೇಕಾದರೆ ಹಲವು ಸೆಕೆಂಡು ಅಲುಗಾಡದೆ ಕೂರಬೇಕಿತ್ತು. ಮಗು ಸುಮ್ನೆ ಕೂರುತ್ತಾ? ಅದಕ್ಕೆ ಅಮ್ಮನೋ ಆಯಾನೋ ಹಿಡಿದುಕೊಂಡು ಕೂರುತ್ತಿದ್ದರು. ಆದರೆ ಅವರು ಫೋಟೊದಲ್ಲಿ ಕಾಣಬಾರದು. ಹಾಗಾಗಿ ತಲೆಯಿಂದ ಕಾಲಿನವರೆಗೆ ಒಂದು ಬಟ್ಟೆ ಹೊದಿಸಿಬಿಡುತ್ತಿದ್ದರು. ನೋಡಿದವರಿಗೆ ಕುರ್ಚಿ ಅನ್ನಿಸಬೇಕು. ಇವನ್ನು ಈಗ ‘ಹಿಡನ್ ಮದರ್’ ಫೋಟೊ ಅನ್ನುತ್ತಾರೆ. ಅಂಥ ನಾಲ್ಕಾರು ಫೋಟೊ ನೋಡಿದ ರಾತ್ರಿಯೇ ಇದನ್ನು ಆರ್ಡರ್ ಮಾಡಿದೆ.

ಮೊದಲ ತಿಂಗಳುಗಳಲ್ಲಿ ಬರೀ ಸಿಟ್ಟು ತರಿಸಿತು. ರಿಮೋಟ್ ಒತ್ತಿದರೆ ಫೋನಿಗೆ ಅದು ವಾಲ್ಯೂಮ್ ಬಟನ್ ಒತ್ತಿದ ಲೆಕ್ಕ. ಕ್ಯಾಮೆರಾ ತೆರೆದಿದ್ದರೆ ಕ್ಲಿಕ್, ಇಲ್ಲದಿದ್ದರೆ ಸೌಂಡ್ ಜಾಸ್ತಿ. ಒಂದಿನ ಮಗಳನ್ನು ಮಲಗಿಸೋಕೆ ಮೆಲ್ಲಗೆ ಜೋಗುಳ ಹಾಕಿದ್ದೆ. ದಿಂಬಿನ ಹತ್ತಿರ ಬಿದ್ದಿದ್ದ ರಿಮೋಟ್ ಮೇಲೆ ಮೊಣಕೈ ಊರಿತು. ಮುಂದಿನದ್ದು ನೀವೇ ಊಹಿಸಿ. ಕೆಲವು ಫೋನುಗಳು ಇದನ್ನೇ ಕೀಬೋರ್ಡ್ ಅಂದುಕೊಳ್ಳುತ್ತವೆ. ಆಗ ಪರದೆ ಮೇಲಿನ ಕೀಬೋರ್ಡ್ ಮಾಯ. ನಮ್ಮನೆಯವರು ವಾಟ್ಸಾಪಲ್ಲಿ ಒಂದಕ್ಷರ ಟೈಪ್ ಮಾಡೋಕಾಗದೆ ಫೋನನ್ನೇ ಬೈದರು. ರಿಮೋಟ್ ಆಫ್ ಮಾಡಿದರೆ ಸರಿಹೋಗುತ್ತದೆ, ಅಷ್ಟೇ.

ಬಂದ ಫೋಟೊಗಳೂ ಅಷ್ಟಕ್ಕಷ್ಟೇ. ಸೆರಗು ಸರಿಮಾಡಿಕೊಂಡು, ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು, ರಿಮೋಟನ್ನು ಅವಳ ಬೆನ್ನ ಹಿಂದೆ ಬಚ್ಚಿಟ್ಟು ನಗುವುದು. ಇದಕ್ಕೆ ಇಷ್ಟು ದುಡ್ಡು ಯಾಕೆ ಕೊಟ್ಟೆ ಅನ್ನಿಸಿತ್ತು.

ಆಮೇಲೆ ರಿಮೋಟ್ ಮಗಳ ಕೈಗೆ ಹೋಯಿತು.

ಇಲ್ಲೊಂದು ಎಚ್ಚರಿಕೆ. ನನ್ನ ರಿಮೋಟಲ್ಲಿರುವುದು ಸಿಆರ್2032 ಬಟನ್ ಸೆಲ್, ಅಂದರೆ ನಾಣ್ಯದಂಥ ಚಪ್ಪಟೆ ಬ್ಯಾಟರಿ. ಇದನ್ನು ಮಗು ನುಂಗಿ, ಅದು ಗಂಟಲಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಅನ್ನನಾಳ ಸುಟ್ಟುಹೋಗಬಹುದು. ಮುಚ್ಚಳಕ್ಕೆ ಸ್ಕ್ರೂ ಇಲ್ಲದ ರಿಮೋಟನ್ನು ಮಕ್ಕಳಿಗೆ ಕೊಡಲೇಬೇಡಿ. ನನ್ನದಕ್ಕೆ ಸ್ಕ್ರೂ ಇದೆ, ಅದರ ಮೇಲೆ ಟೇಪೂ ಸುತ್ತಿದ್ದೇನೆ. ಆಟ ಮುಗಿದ ತಕ್ಷಣ ಬೀರುವಿಗೆ.

ಈಗ ನಮ್ಮ ಸಂಜೆ ಹೀಗಿರುತ್ತದೆ. ನಾಲ್ಕು ಗಂಟೆ ಸುಮಾರಿಗೆ ಹಾಲ್ ಕಿಟಕಿಯಿಂದ ಓರೆ ಬಿಸಿಲು ಬೀಳುತ್ತದೆ. ಟ್ರೈಪಾಡನ್ನು ಎತ್ತರಿಸದೆ ಟೀವಿ ಸ್ಟ್ಯಾಂಡ್ ಪಕ್ಕ ಇಡುತ್ತೇನೆ. ಫೋನಿನ ಹಿಂದಿನ ಕ್ಯಾಮೆರಾ ನನ್ನ ಕಡೆ, ಪರದೆ ಗೋಡೆ ಕಡೆ. ನನ್ನ ಮುಖ ನನಗೆ ಕಾಣಬಾರದು, ಅದು ಮುಖ್ಯ. ಕ್ಲಿಕ್ ಸೌಂಡ್ ಬಂದ್. ಒಣಗಿದ ಬಟ್ಟೆಯ ರಾಶಿ ಹಾಕಿಕೊಂಡು ಮಡಚುತ್ತಾ ಕೂರುತ್ತೇನೆ. ಅವಳು ದಿವಾನ್ ಮೇಲೆ ಕಾಲಾಡಿಸುತ್ತಾ ಮನಸ್ಸು ಬಂದಾಗ ಒತ್ತುತ್ತಾಳೆ. ರಾತ್ರಿ ಅವಳು ಮಲಗಿದ ಮೇಲೆ ಒಂದೊಂದೇ ನೋಡಿ, ಒಂದನ್ನು ಇಟ್ಟುಕೊಂಡು ಉಳಿದದ್ದು ಅಳಿಸುತ್ತೇನೆ. ಆ ಹೊತ್ತಿಗೋಸ್ಕರ ಈಗ ಸೀರಿಯಲ್ ಬಿಟ್ಟಿದ್ದೇನೆ.

ಒಂದು ಫೋಟೊದಲ್ಲಿ ಬಾಯಲ್ಲಿ ಬಟ್ಟೆ ಕ್ಲಿಪ್ ಕಚ್ಚಿಕೊಂಡು ಬೆಡ್‌ಶೀಟ್ ಕೊಡವುತ್ತಿದ್ದೇನೆ. ಹುಬ್ಬು ಗಂಟಿಕ್ಕಿದೆ, ದವಡೆ ಬಿಗಿದಿದೆ. ಅವತ್ತು ನನಗೆ ಸಿಟ್ಟೇನೂ ಇರಲಿಲ್ಲ, ಆರಾಮಾಗೇ ಇದ್ದೆ. ಮಗಳು ಆಗಾಗ ಬಂದು, “ಅಮ್ಮಾ, ಕೋಪನಾ?” ಅಂತ ಕೇಳುತ್ತಾಳೆ. ಇಲ್ಲ ಪುಟ್ಟಿ ಅನ್ನುತ್ತಿದ್ದೆ. ಅವಳು ನೋಡುತ್ತಿದ್ದದ್ದು ಈ ಮುಖವನ್ನು ಅಂತ ಈಗ ಗೊತ್ತಾಯಿತು. ಇನ್ನೊಂದರಲ್ಲಿ ಅವಳ ಫ್ರಾಕನ್ನು ಮೂಗಿಗೆ ಒತ್ತಿ ಹಿಡಿದಿದ್ದೇನೆ. ಒಣಗಿದೆಯಾ ಅಂತ ನೋಡುತ್ತಿದ್ದೆ ಅನ್ನಬಹುದು, ಆದರೆ ಕಣ್ಣು ಮುಚ್ಚಿಕೊಂಡು ಯಾರಾದರೂ ಹಾಗೆ ನೋಡುತ್ತಾರಾ?

ಇವುಗಳ ಪಕ್ಕದಲ್ಲಿ ಹಳೇ ಫೋಟೊಗಳನ್ನು ಇಟ್ಟು ನೋಡಿದೆ. ನಾನೇ ಪೋಸ್ ಕೊಟ್ಟು ತೆಗೆದ ಎಲ್ಲದರಲ್ಲೂ ಮಗಳು ನನ್ನ ಹೊಟ್ಟೆಗೆ ಅಡ್ಡ ಕೂತಿದ್ದಾಳೆ. ಸಿಸೇರಿಯನ್ ಆದ ಮೇಲಿನ ಹೊಟ್ಟೆ ಕಾಣದಿರಲಿ ಅಂತ, ಯಾರೂ ಹೇಳದೇ ಇದ್ದರೂ, ಹಾಗೇ ಕೂರಿಸುತ್ತಿದ್ದೆ. ಇಂಗ್ಲೆಂಡಿನ ಅಮ್ಮಂದಿರಿಗೆ ಬೇರೆಯವರು ಬಟ್ಟೆ ಹೊದಿಸಿದರು. ನಾನು ಮಗುವನ್ನೇ ಹೊದ್ದುಕೊಂಡಿದ್ದೆ.

ಬೆಡ್‌ಶೀಟಿನ ಫೋಟೊ ಪ್ರಿಂಟ್ ಹಾಕಿಸೋಕೆ ಹೋದಾಗ ಸ್ಟುಡಿಯೋದವರು, “ಮೇಡಂ, ಮುಖ ಸ್ವಲ್ಪ ಫೇರ್ ಮಾಡ್ಲಾ? ಹಿಂದಿನ ಬಟ್ಟೆ ರಾಶಿ ತೆಗೆದುಬಿಡ್ಲಾ?” ಅಂದರು. ರಾಶಿ ಇರಲಿ ಅಂದೆ. ಮುಖಕ್ಕೆ ಒಂದು ಕ್ಷಣ ಯೋಚಿಸಿದೆ, ಸುಳ್ಳು ಯಾಕೆ. ಆಮೇಲೆ ಅದೂ ಇರಲಿ ಅಂದೆ.

ಇನ್ನು ಟ್ರೈಪಾಡ್ ವಿಷಯ. ಒಂದು ಕಾಲು ಸಡಿಲವಾಗಿದೆ. ಪೂರ್ತಿ ಎತ್ತರಿಸಿದರೆ ಫ್ಯಾನ್ ಗಾಳಿಗೇ ತೂಗುತ್ತದೆ. ಫೋನ್ ಹಿಡಿಯುವ ಕ್ಲಿಪ್ಪಿನ ರಬ್ಬರ್ ಕಿತ್ತುಬಂದು, ಸೈಕಲ್ ಟ್ಯೂಬಿನ ತುಂಡು ಅಂಟಿಸಿದ್ದೇನೆ. ಅಡುಗೆಯ ರೀಲ್ಸ್ ಮಾಡುವವರು ಇದನ್ನು ನಂಬಬೇಡಿ, ಫೋನ್ ಸಾರಿಗೆ ಬೀಳುತ್ತದೆ. ರಿಮೋಟ್ ಮಾತ್ರ ಒಂದು ಸಲ ಸೆಲ್ ಬದಲಾಯಿಸಿದ್ದು ಬಿಟ್ಟರೆ ಏನೂ ಕೇಳಿಲ್ಲ. ಬರೀ ರಿಮೋಟೂ ಬೇರೆಯಾಗಿ ಸಿಗುತ್ತದೆ, ಬೆಲೆಯೂ ಕಡಿಮೆ. ನನಗೆ ಬೇಕಾದ ಎತ್ತರಕ್ಕೆ ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿದರೂ ಸಾಕು. ಮುಂದಿನ ಸಲ ಅದನ್ನಷ್ಟೇ ತರಿಸುತ್ತೇನೆ.