ನಮ್ಮ ರಸ್ತೆ ಕೊನೆಯ ಫ್ಲೋರ್ ಮಿಲ್: ಹಿಟ್ಟೂ ಚೆನ್ನಾಗಿದೆ, ಕೂರಲು ಬೆಂಚೂ ಇದೆ

ಮೈಸೂರಿನ ಸರಸ್ವತಿಪುರಂಗೆ ನಾವು ಬಂದು 11 ವರ್ಷ ಆಯಿತು. ಅಷ್ಟೂ ವರ್ಷ ಹಿಟ್ಟು ಮಾಡಿಸುತ್ತಿರುವುದು ಒಂದೇ ಕಡೆ, ನಮ್ಮ ರಸ್ತೆ ಕೊನೆಯ ಸಣ್ಣ ಫ್ಲೋರ್ ಮಿಲ್‌ನಲ್ಲಿ. ಬೋರ್ಡಿನ ಬಣ್ಣ ಹೋಗಿ ಹೆಸರು ಓದಲು ಆಗುವುದಿಲ್ಲ. ನಾವೆಲ್ಲ ಸುಮ್ನೆ ‘ಮಿಲ್’ ಅಂತಲೇ ಕರೆಯುವುದು. ಹೋದ ತಿಂಗಳು ಪಕ್ಕದ ರಸ್ತೆಗೆ ಹೊಸದಾಗಿ ಬಂದವರೊಬ್ಬರು ತರಕಾರಿ ಗಾಡಿ ಹತ್ತಿರ ಸಿಕ್ಕಿ, "ಇಲ್ಲಿ ರಾಗಿ ಎಲ್ಲಿ ಮಾಡಿಸ್ತೀರಿ, ಆ ಮಿಲ್ ಹೇಗೆ, ತೂಕ ಸರಿ ಇರುತ್ತಾ?" ಅಂತ ಕೇಳಿದರು. ಚೆನ್ನಾಗಿದೆ, ಹೋಗಿ ಅಂದೆ. ಮನೆಗೆ ಬಂದ ಮೇಲೆ ಇನ್ನೂ ಎಷ್ಟೋ ಹೇಳಬೇಕಿತ್ತು ಅನ್ನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ರಾಗಿ. ನಮ್ಮ ಮನೆಯಲ್ಲಿ ವಾರಕ್ಕೆ ನಾಲ್ಕು ದಿನ ಮುದ್ದೆ, ತಿಂಗಳಿಗೆ 6 ಕೆಜಿ ರಾಗಿ ಬೇಕು. ಈ ಮಿಲ್‌ನ ರಾಗಿ ಹಿಟ್ಟು ನುಣ್ಣಗಿರುತ್ತದೆ, ಆದರೆ ಮುಖಕ್ಕೆ ಹಚ್ಚುವ ಪೌಡರ್ ತರ ಅಲ್ಲ. ಎರಡು ಬೆರಳಿನ ನಡುವೆ ಉಜ್ಜಿದರೆ ಒಂಚೂರು ತರಿ ಸಿಗುತ್ತದೆ. ಮುದ್ದೆಗೆ ಅದೇ ಸರಿ, ಕೈಗೂ ತಟ್ಟೆಗೂ ಅಂಟುವುದಿಲ್ಲ. ಮಿಲ್ ನಡೆಸುವ ಅಣ್ಣ ಹಿಟ್ಟು ಬೀಳಲು ಶುರುವಾದ ತಕ್ಷಣ ಬಟ್ಟೆ ತೋಳಿನ ಕೆಳಗೆ ಕೈ ಒಡ್ಡುತ್ತಾರೆ, ಹೆಬ್ಬೆರಳಿನಲ್ಲಿ ತಿಕ್ಕಿ ನೋಡುತ್ತಾರೆ, ಪಕ್ಕದ ಚಕ್ರವನ್ನು ಒಂದು ಎಳೆ ಬಿಗಿ ಮಾಡುತ್ತಾರೆ, ಮತ್ತೆ ತಿಕ್ಕಿ ನೋಡುತ್ತಾರೆ. ರಾಗಿಗೆ ಒಂದು ಬಿಗಿ, ಗೋಧಿಗೆ ಒಂದು ಬಿಗಿ, ಇಡ್ಲಿ ರವೆಗೆ ಕಲ್ಲು ಸ್ವಲ್ಪ ಸಡಿಲ. ಇದನ್ನೆಲ್ಲ ನೋಡಿ ಮಾಡುವುದಲ್ಲ, ಅವರ ಕೈಗೇ ಗೊತ್ತು. ಕೆಲವೊಮ್ಮೆ ಕಲ್ಲಿನ ಸದ್ದು ಕೇಳಿಯೇ ಎದ್ದು ಬಂದು ಚಕ್ರ ತಿರುಗಿಸುವುದನ್ನು ನೋಡಿದ್ದೇನೆ.

ಇನ್ನೊಂದು ವಿಷಯ ನನಗೆ ಬಹಳ ಇಷ್ಟ. ಕಲ್ಲಿನೊಳಗೆ ಹಿಂದಿನವರ ಹಿಟ್ಟು ಸ್ವಲ್ಪ ಉಳಿದಿರುತ್ತದೆ ಅಲ್ವಾ? ಗೋಧಿ ಆದ ಮೇಲೆ ನಿಮ್ಮ ರಾಗಿ ಹಾಕಿದರೆ ಮೊದಲು ಬೆಳ್ಳಗೆ ಬರುತ್ತದೆ. ಇವರು ನಿಮ್ಮ ಕಾಳಿನಲ್ಲೇ ಒಂದು ಹಿಡಿ ಮೊದಲು ಹಾಕಿ, ಆ ಹಿಟ್ಟನ್ನು ಬೇರೆ ಡಬ್ಬಕ್ಕೆ ಹಿಡಿದು, ಆಮೇಲೆ ಉಳಿದದ್ದನ್ನು ಬಿಡುತ್ತಾರೆ. ಬೇರೆ ಹಿಡಿದದ್ದು ಸಂಜೆ ಹಸು ಸಾಕಿರುವ ಮನೆಗೆ ಹೋಗುತ್ತದೆ. ಮಗುವಿನ ಸರಿ ಹಿಟ್ಟು ಅಂತ ಹೇಳಿದರೆ ಇನ್ನೂ ಎಚ್ಚರಿಕೆ. "ಬೆಳಿಗ್ಗೆ ಏಳೂವರೆಗೇ ಬನ್ನಿ ಅಕ್ಕ, ಕಲ್ಲು ಕ್ಲೀನ್ ಮಾಡಿದ ಮೇಲೆ ಫಸ್ಟು ನಿಮ್ದೇ ಹಾಕ್ತೀನಿ" ಅಂತಾರೆ. ನನ್ನ ತಂಗಿ ಬಾಣಂತನಕ್ಕೆ ಬಂದಿದ್ದಾಗ ಐದು ತಿಂಗಳು ಹೀಗೇ ನಡೆಯಿತು. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹುರಿದು ತಗೊಂಡು ಹೋಗುತ್ತಿದ್ದೆ. ಒಂದು ಸಲವೂ ಬೇರೆ ಹಿಟ್ಟು ಬೆರೆತಿದ್ದಿಲ್ಲ. ಆದರೂ ಒಂದು ಮಾತು ಹೇಳಬೇಕು. ಮನೆಯಲ್ಲಿ ಯಾರಿಗಾದರೂ ಗೋಧಿ ನಿಜವಾಗಿಯೂ ಆಗದೇ ಇದ್ದರೆ, ಡಾಕ್ಟರ್ ಪೂರ್ತಿ ಬಿಡಿ ಅಂದಿದ್ದರೆ, ಎಲ್ಲರ ಕಾಳೂ ಬೀಳುವ ಕಲ್ಲಿನಲ್ಲಿ ಮಾಡಿಸಬೇಡಿ. ಎಷ್ಟು ಗುಡಿಸಿದರೂ ಸ್ವಲ್ಪ ಉಳಿದೇ ಇರುತ್ತದೆ. ಇದನ್ನು ಆ ಅಣ್ಣನೇ ಎರಡನೇ ಕ್ರಾಸಿನ ಒಬ್ಬರಿಗೆ ಬಾಯಿಬಿಟ್ಟು ಹೇಳಿ, ಬಂದ ಗಿರಾಕಿಯನ್ನು ವಾಪಸ್ ಕಳಿಸಿದರು. ಆವತ್ತಿನಿಂದ ನನಗೆ ಅವರ ಮೇಲೆ ನಂಬಿಕೆ ಇನ್ನೂ ಜಾಸ್ತಿ ಆಯಿತು.

ರೇಟು: ಗೋಧಿ ಕೆಜಿಗೆ 8 ರೂಪಾಯಿ, ರಾಗಿ 8, ಅಕ್ಕಿ 10, ಸಾರಿನ ಪುಡಿ ಮತ್ತು ಖಾರದ ಪುಡಿ 40. ಫೋನ್‌ನಲ್ಲೂ ಕಟ್ಟಬಹುದು.

ತೂಕದ ಬಗ್ಗೆ ಎಲ್ಲರೂ ಕೇಳುತ್ತಾರೆ. 5 ಕೆಜಿ ಕೊಟ್ಟರೆ ಪೂರ್ತಿ 5 ಕೆಜಿ ಹಿಟ್ಟು ಯಾವ ಮಿಲ್‌ನಲ್ಲೂ ಬರುವುದಿಲ್ಲ. ಕಲ್ಲಿನ ಬಿಸಿಗೆ ಕಾಳಿನ ತೇವ ಆರುತ್ತದೆ, ಸ್ವಲ್ಪ ಹಾರುತ್ತದೆ, ಸ್ವಲ್ಪ ಒಳಗೇ ಕೂರುತ್ತದೆ. ಇಲ್ಲಿ ಕಾಳನ್ನೂ ನಿಮ್ಮ ಎದುರೇ ತೂಗುತ್ತಾರೆ, ಹಿಟ್ಟನ್ನೂ ನಿಮ್ಮ ಎದುರೇ ತೂಗುತ್ತಾರೆ. ತಕ್ಕಡಿಗೆ ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇದೆ, ಆ ಸರ್ಟಿಫಿಕೇಟನ್ನು ಗೋಡೆಗೆ ಅಂಟಿಸಿದ್ದಾರೆ. ಎಲ್ಲಿ ಹೋದರೂ ಆ ಕಾಗದದ ಮೇಲಿನ ತಾರೀಕು ನೋಡುವ ಅಭ್ಯಾಸ ಮಾಡಿಕೊಳ್ಳಿ.

ಈಗ ಬೆಂಚಿನ ವಿಷಯ. ಮಿಲ್ ಎದುರು ಹೊಂಗೆ ಮರದ ಕೆಳಗೆ ಒಂದು ಕಲ್ಲು ಬೆಂಚಿದೆ. ನಾಲ್ಕು ಜನ ಕೂರಬಹುದು, ಆರು ಜನ ಕೂರುತ್ತೇವೆ. ಕುಕ್ಕರಹಳ್ಳಿ ಕೆರೆ ಸುತ್ತಿ ಬರುವವರು ಬೆಳಿಗ್ಗೆ ಎಂಟರ ಹೊತ್ತಿಗೆ ಇಲ್ಲಿ ಐದು ನಿಮಿಷ ಕೂತೇ ಹೋಗುವುದು. ನಾಳೆ ನೀರು ಎಷ್ಟು ಹೊತ್ತಿಗೆ ಬಿಡುತ್ತಾರೆ, ಕಸದ ಗಾಡಿ ಇವತ್ತು ಹಸಿ ಕಸ ತಗೊಂಡಿತಾ, ಮೂಲೆಮನೆ ಅಜ್ಜಿ ಬಿದ್ದು ಕೈ ಮುರಿದುಕೊಂಡರಂತೆ, ಅವರಿಗೆ ಯಾರು ಅಡುಗೆ ಮಾಡಿ ಕೊಡುತ್ತಾರೆ, ಎಲ್ಲವೂ ಇಲ್ಲೇ. ಅಜ್ಜಿಗೆ ಮೂರು ವಾರ ಮನೆಮನೆಯಿಂದ ಸರದಿಯಲ್ಲಿ ಊಟ ಹೋಗಿದ್ದು ಈ ಬೆಂಚಿನ ಮೇಲೆ ನಿಗದಿಯಾದ ಲೆಕ್ಕದಲ್ಲೇ. ಮಂಡ್ಯ ಕಡೆಯ ಒಬ್ಬ ಹಿರಿಯರು ದಿನಾ ಬರುತ್ತಾರೆ, ಮೊದಲು ವ್ಯವಸಾಯ ಮಾಡಿಸುತ್ತಿದ್ದವರು. ರಾಗಿ ಅಂದರೆ ಸಾಕು, ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ರಾಗಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ಮಾಡಿದ ಕಥೆ ಶುರು. ಇಂಡಿಯಾದ ‘ಇಂಡ್’, ಆಫ್ರಿಕಾದ ‘ಆಫ್’. "ಅದು ಬಂದ್ಮೇಲೆ ನಮ್ಮನೇಲಿ ಕಣಜ ತುಂಬ್ತು ಕಣಮ್ಮ" ಅನ್ನುವಾಗ ಅವರ ಮುಖ ನೋಡಬೇಕು. 11 ವರ್ಷದಲ್ಲಿ ಈ ಕಥೆಯನ್ನು ಎಷ್ಟು ಸಲ ಕೇಳಿದ್ದೇನೋ, ಈಗಲೂ ಕೂತು ಕೇಳುತ್ತೇನೆ.

ಸರಿ ಹೋಗದ ವಿಷಯವನ್ನೂ ಹೇಳಬೇಕು. ಎರಡು ವರ್ಷದ ಹಿಂದೆ ಗೌರಿ ಹಬ್ಬದ ಮುಂಚಿನ ವಾರ ಮಿಲ್ ಒಳಗೆ ಕಾಲಿಡಲು ಜಾಗ ಇರಲಿಲ್ಲ. ಎಲ್ಲರದ್ದೂ ಚಕ್ಕುಲಿ ಹಿಟ್ಟು, ಕೋಡುಬಳೆ ಹಿಟ್ಟು. ನಾನು ನಾಲ್ಕು ಪಾವು ಅಕ್ಕಿಗೆ ಒಂದು ಪಾವು ಹುರಿದ ಉದ್ದಿನಬೇಳೆ ಹಾಕಿ, ಅಕ್ಕಿ ತೊಳೆದು ಆರಿಸಿ, ಎಲ್ಲ ಸರಿಯಾಗಿ ಮಾಡಿಕೊಂಡು ಹೋಗಿದ್ದೆ. ನೀಲಿ ಬಟ್ಟೆ ಚೀಲ. ಸಂಜೆ ಮಗನನ್ನು ಕಳಿಸಿ ತರಿಸಿದೆ. ರಾತ್ರಿ ಬೆಣ್ಣೆ ಹಾಕಿ ಕಲಸಲು ಹೋದರೆ ಹಿಟ್ಟಿನ ವಾಸನೆಯೇ ಬೇರೆ. ಬಣ್ಣವೂ ಸ್ವಲ್ಪ ಬೂದಿ. ಜೋಳದ ಹಿಟ್ಟು! ನೀಲಿ ಚೀಲ ಇನ್ನೊಂದು ಇತ್ತು, ಅದು ನಮ್ಮ ಮನೆಗೆ ಬಂದಿದೆ. ನಿಜ ಹೇಳುತ್ತೇನೆ, ಬಹಳ ಕೋಪ ಬಂತು. ಮಾರನೇ ದಿನ ಹಬ್ಬಕ್ಕೆ ನೆಂಟರು ಬರುವವರಿದ್ದರು.

ಮಿಲ್‌ಗೆ ಹೋದರೆ ಅಣ್ಣನ ಹೆಂಡತಿ ನನ್ನ ಮುಖ ನೋಡಿಯೇ, "ಅಯ್ಯೋ ಅಕ್ಕ, ಚೀಲ ಬದಲಾಯ್ತಾ?" ಅಂತ ಎದ್ದು ಬಂದರು. ಬೆಳಿಗ್ಗೆ ಜೋಳ ತಂದವರು ಯಾರು ಅಂತ ನೆನಪಿಸಿಕೊಂಡು, ಅಂಗಡಿ ಅರ್ಧ ಬಾಗಿಲು ಎಳೆದು, ಮಳೆಯಲ್ಲೇ ನನ್ನ ಜೊತೆ ನಾಲ್ಕನೇ ಕ್ರಾಸಿನ ತನಕ ನಡೆದು ಬಂದರು. ಬಾಗಿಲು ತೆಗೆದವರು ವಿಜಯಪುರ ಕಡೆಯವರು. ನನ್ನ ಕೈಯ ಚೀಲ ನೋಡಿದ್ದೇ, "ಬರ್ರಿ ಬರ್ರಿ, ನಾನೂ ಅದನ್ನ ನೋಡಾಕತ್ತಿದ್ದೆ, ರೊಟ್ಟಿ ಬಡಿಯಾಕ ಕುಂತ್ರ ಹಿಟ್ಟು ಕೈಗೇ ಹೊಂದವಲ್ದು" ಅಂದರು. ಅರ್ಧ ಗಂಟೆ ಆ ಮನೆಯಲ್ಲೇ ಕೂತೆವು. ಜೋಳದ ಹಿಟ್ಟು ಎಂಟು ಹತ್ತು ದಿನಕ್ಕೆ ಆಗುವಷ್ಟೇ ಹಾಕಿಸಬೇಕಂತೆ. ಹಳೆಯದಾದರೆ ಜಿಗಿ ಹೋಗಿ ರೊಟ್ಟಿ ಅಂಚು ಒಡೆಯುತ್ತದೆ, ಅದಕ್ಕೇ ಗಿರಣಿ ಹತ್ತಿರ ಇರುವ ಮನೆಯನ್ನೇ ಹುಡುಕಿ ಬಾಡಿಗೆಗೆ ತಗೊಂಡೆವು ಅಂತ ಹೇಳಿದರು. ಶೇಂಗಾ ಚಟ್ನಿಪುಡಿ ಒಂದು ಡಬ್ಬಿ ಕಟ್ಟಿಕೊಟ್ಟರು. ಎರಡು ರಸ್ತೆ ಆಚೆ ಆರು ವರ್ಷದಿಂದ ಇದ್ದವರು, ಅಲ್ಲಿಯ ತನಕ ಒಂದು ಮಾತೂ ಆಡಿರಲಿಲ್ಲ. ಈಗ ಶ್ರಾವಣದಲ್ಲಿ ಅವರ ಮನೆಯಿಂದ ನಮಗೆ ರೊಟ್ಟಿ ಎಣಗಾಯಿ ಬರುತ್ತದೆ, ಸಂಕ್ರಾಂತಿಗೆ ನಮ್ಮ ಮನೆಯಿಂದ ಸಕ್ಕರೆ ಅಚ್ಚು ಹೋಗುತ್ತದೆ. ಆ ದಿನದ ಚಕ್ಕುಲಿ ಸ್ವಲ್ಪ ತಡವಾಯಿತು, ಅಷ್ಟೇ. ರಾತ್ರಿ ಹನ್ನೊಂದರ ತನಕ ಒತ್ತಿದೆ.

ಆಮೇಲೆ ಮಿಲ್‌ನಲ್ಲಿ ಚೀಟಿ ಪದ್ಧತಿ ಬಂತು. ಒಂದೇ ನಂಬರಿನ ಎರಡು ಚೀಟಿ, ಒಂದು ಚೀಲಕ್ಕೆ, ಒಂದು ನಿಮ್ಮ ಕೈಗೆ. ಆದರೂ ನಾನು ಈಗ ಅಮ್ಮನ ಸ್ಟೀಲ್ ಡಬ್ಬ ತಗೊಂಡು ಹೋಗುತ್ತೇನೆ, ಮುಚ್ಚಳದ ಮೇಲೆ ಅವರ ಹೆಸರು ಕೊರೆಸಿರುವುದು. ಡಬ್ಬದ ಇನ್ನೊಂದು ಅನುಕೂಲ ಅಂದರೆ ಬಿಸಿ ಹಿಟ್ಟು. ಕಲ್ಲಿನಿಂದ ಬಂದ ಹಿಟ್ಟು ಕೈ ಇಟ್ಟರೆ ಚುರುಕ್ ಅನ್ನುವಷ್ಟು ಬಿಸಿ ಇರುತ್ತದೆ, ಪ್ಲಾಸ್ಟಿಕ್ ಕವರಿಗೆ ಹಾಕಿ ಕಟ್ಟಲೇಬೇಡಿ. ಮನೆಗೆ ತಂದ ತಕ್ಷಣ ಪೇಪರಿನ ಮೇಲೆ ಹರಡಿ, ಪೂರ್ತಿ ಆರಿದ ಮೇಲೆ ತುಂಬಿಸಿ. ಬಿಸಿಯಲ್ಲೇ ಮುಚ್ಚಿದರೆ ಒಳಗೆ ಬೆವರಿ ಗಂಟು ಕಟ್ಟುತ್ತದೆ, ಬೇಗ ಮುಗ್ಗಲು ವಾಸನೆ ಬರುತ್ತದೆ.

ಸಾರಿನ ಪುಡಿಗೆ ಹೋಗುವವರು ಕೇಳಿ. ಅದಕ್ಕೆ ಬೇರೆ ಮಿಷನ್ ಇದೆ, ಹಿಂದಿನ ರೂಮಿನಲ್ಲಿ. ಬುಧವಾರ ಮತ್ತು ಶನಿವಾರ ಮಾತ್ರ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು, ಎರಡನ್ನೂ ಚೆನ್ನಾಗಿ ಬಿಸಿಲಿಗೆ ಹಾಕಿರಬೇಕು. ಧನಿಯಾ ಗರಿಗರಿ ಆಗುವ ಹಾಗೆ ಹುರಿದಿರಬೇಕು. ಎಣ್ಣೆ ಜಾಸ್ತಿ ಹಾಕಿ ಹುರಿದರೆ, ಇಲ್ಲವೇ ಕೊಬ್ಬರಿ ಸೇರಿಸಿದ್ದರೆ ಜಾಲರಿ ಕಟ್ಟಿಕೊಳ್ಳುತ್ತದೆ, ಅವರು ಹಾಕುವುದಿಲ್ಲ. ಸುಮ್ನೆ ವಾದ ಮಾಡಬೇಡಿ, ಕೊಬ್ಬರಿಯನ್ನು ಮನೆಯಲ್ಲೇ ಕೊನೆಗೆ ಸೇರಿಸಿಕೊಳ್ಳಿ. ಘಾಟಿಗೆ ಕೆಮ್ಮು ಬರುವವರು ಆ ಎರಡು ದಿನ ಬೆಂಚಿನ ಆಚೆ ತುದಿಯಲ್ಲಿ ಕೂರಿ. ಒಳಗೆ ಹಿಟ್ಟಿನ ಧೂಳೂ ಇದೆ, ಉಬ್ಬಸ ಇರುವವರು ಚೀಲ ಕೊಟ್ಟು ಹೊರಗೆ ಬಂದುಬಿಡುವುದು ಒಳ್ಳೆಯದು. ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿದರೆ ಅವರಿಗೂ ಒಳ್ಳೆಯದು. ದಿನವಿಡೀ ಆ ಧೂಳಿನಲ್ಲೇ ನಿಂತಿರುತ್ತಾರೆ. ನಾನು ಎರಡು ಸಲ ಹೇಳಿದ್ದೇನೆ, ಮತ್ತೆ ಹೇಳುತ್ತೇನೆ.

ಸದ್ದಿನ ವಿಷಯದಲ್ಲಿ ಒಂದು ಸಲ ದೊಡ್ಡ ಮಾತೇ ಆಯಿತು. ಮಿಲ್ ಪಕ್ಕದ ಮನೆಯ ಹುಡುಗಿ ಎರಡನೇ ಪಿಯುಸಿ ಪರೀಕ್ಷೆಗೆ ಓದುತ್ತಿದ್ದಳು, ಗೋಡೆಯೇ ನಡುಗುತ್ತದೆ ಅಂತ ಅವರ ತಂದೆ ಜೋರಾಗಿ ಜಗಳಕ್ಕೇ ಬಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಬೆಂಚಿನ ಮೇಲಿದ್ದ ಹಿರಿಯರೇ ಇಬ್ಬರನ್ನೂ ಕೂರಿಸಿ ಮಾತಾಡಿದರು. ಮಧ್ಯಾಹ್ನ ಒಂದೂವರೆಯಿಂದ ನಾಲ್ಕರ ತನಕ ಮತ್ತು ರಾತ್ರಿ ಏಳೂವರೆ ಮೇಲೆ ಮಿಷನ್ ಓಡಿಸುವುದಿಲ್ಲ ಅಂತಾಯಿತು. ಮೋಟರ್ ಕೆಳಗೆ ದಪ್ಪ ರಬ್ಬರ್ ಹಾಕಿಸಿದರು. ಪರೀಕ್ಷೆ ಮುಗಿದ ಮೇಲೂ ಅದೇ ಟೈಮ್ ಉಳಿದಿದೆ. ಕೆಲಸಕ್ಕೆ ಹೋಗುವವರಿಗೆ ಸ್ವಲ್ಪ ಕಷ್ಟ, ಆಫೀಸಿನಿಂದ ಬರುವಷ್ಟರಲ್ಲಿ ಮುಚ್ಚಿರುತ್ತದೆ. ಆದರೆ ಬೆಳಿಗ್ಗೆ ಡಬ್ಬ ಇಟ್ಟು ಹೋಗಿ, ಮಾರನೇ ಬೆಳಿಗ್ಗೆ ತಗೊಳ್ಳಬಹುದು. ಹಿಟ್ಟನ್ನು ಮುಚ್ಚಳ ತೆಗೆದು ಆರಿಸಿಯೇ ಇಟ್ಟಿರುತ್ತಾರೆ.

ಅಂಗಡಿಯಲ್ಲಿ ಪ್ಯಾಕೆಟ್ ಹಿಟ್ಟು ಸಿಗುತ್ತದಲ್ಲ ಅಂತ ನನ್ನ ಮಗನೇ ಕೇಳುತ್ತಾನೆ. ಸಿಗುತ್ತದೆ, ಅವಸರಕ್ಕೆ ನಾನೂ ತಂದಿದ್ದೇನೆ. ಆದರೆ ಇಲ್ಲಿ ನನ್ನ ರಾಗಿಯನ್ನು ನಾನೇ ಆರಿಸಿ, ತೊಳೆದು, ಒಣಗಿಸಿ ಕೊಡುತ್ತೇನೆ, ಹೋದ ವಾರದ ಹಿಟ್ಟನ್ನು ಈ ವಾರ ಉಣ್ಣುತ್ತೇವೆ. ಆ ಹಸಿ ಘಮ ಪ್ಯಾಕೆಟ್ಟಿನಲ್ಲಿ ನನಗೆ ಸಿಕ್ಕಿಲ್ಲ. ಇನ್ನು ಆ ಬೆಂಚು ಯಾವ ಅಂಗಡಿಯಲ್ಲಿ ಸಿಗುತ್ತದೆ ಹೇಳಿ?

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಡಿಮೆ ಮಾಡಿದ್ದು ಧೂಳಿಗೆ. ಫ್ಯಾನ್ ಬಂದ ದಿನ ಅದನ್ನೂ ಸೇರಿಸುತ್ತೇನೆ.

ಕೊನೆಗೆ ಒಂದು ಸುದ್ದಿ. ಬರುವ ಸೋಮವಾರದಿಂದ ಬುಧವಾರದ ತನಕ ಮಿಲ್ ಇರುವುದಿಲ್ಲ. ಕಲ್ಲು ಸವೆದಿದೆ, ಬಿಚ್ಚಿ ಉಳಿಯಲ್ಲಿ ಕೊರೆಸಿ ಮತ್ತೆ ಕೂರಿಸುತ್ತಾರಂತೆ. ಹಿಟ್ಟು ಮುಗಿಯುತ್ತಾ ಬಂದಿರುವವರು ಶನಿವಾರದೊಳಗೆ ಮಾಡಿಸಿಕೊಳ್ಳಿ. ಗುರುವಾರ ಬೆಳಿಗ್ಗೆ ತಕ್ಷಣ ಹೋಗಬೇಡಿ, ಹೊಸದಾಗಿ ಕೊರೆದ ಕಲ್ಲಿನಲ್ಲಿ ಮೊದಲು ಅವರೇ ಒಂದಿಷ್ಟು ಕಾಳು ಓಡಿಸಿ ಕಲ್ಲಿನ ಪುಡಿ ತೆಗೆಯಬೇಕು, ಮಧ್ಯಾಹ್ನದ ಮೇಲೆ ಹೋಗಿ. ಮೂಲೆಮನೆ ಅಜ್ಜಿಯ ರಾಗಿಯನ್ನು ಶುಕ್ರವಾರ ನಾನೇ ತಗೊಂಡು ಹೋಗುತ್ತಿದ್ದೇನೆ. ನಮ್ಮ ರಸ್ತೆಯಲ್ಲಿ ಇನ್ಯಾರಿಗಾದರೂ ಹೊರಲು ಆಗದಿದ್ದರೆ ಡಬ್ಬಕ್ಕೆ ಹೆಸರು ಬರೆದು ನಮ್ಮ ಗೇಟಿನ ಒಳಗೆ ಇಟ್ಟಿರಿ, ಸ್ಕೂಟರ್‌ನಲ್ಲಿ ಇನ್ನೂ ಎರಡು ಡಬ್ಬಕ್ಕೆ ಜಾಗ ಇದೆ.