ಟ್ರ್ಯಾಕ್ ಡೇಗೆ ಯಾವ ಟೈರು: ಮೆಟ್ಜಲರ್, ಪಿರೆಲ್ಲಿ, ಅಪೊಲೊ ಮೂರನ್ನೂ ಓಡಿಸಿ ನೋಡಿದ್ದು

ಟ್ರ್ಯಾಕ್ ಡೇ ಅಂದರೆ ಫೀಸು ಕಟ್ಟಿ ನಮ್ಮದೇ ಬೈಕನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಅಪೊಲೊ ಆಲ್ಫಾ ಎಚ್1ಗೆ. ಮೂರರಲ್ಲಿ ಅದೇ ಒಳ್ಳೆಯ ಟೈರು ಅಂತಲ್ಲ. ಅಲ್ಲವೇ ಅಲ್ಲ. ಆದರೆ ಬೆಂಗಳೂರಿನಿಂದ ಬೈಕ್ ಓಡಿಸಿಕೊಂಡೇ ಚೆನ್ನೈ ಕಡೆ ಹೋಗಿ, ದಿನವಿಡೀ ಟ್ರ್ಯಾಕಿನಲ್ಲಿ ಸುತ್ತಿ, ಅದರಲ್ಲೇ ವಾಪಸ್ ಬಂದು, ಸೋಮವಾರ ಬೆಳಿಗ್ಗೆ ಅದರಲ್ಲೇ ಆಫೀಸಿಗೆ ಹೋಗುವ ನನ್ನಂಥವನಿಗೆ ಅದು ಒಗ್ಗಿತು. ಅದಕ್ಕೆ ಮುಂಚೆ ಒಂದು ಜೋಡಿ ಪಿರೆಲ್ಲಿಗೆ ದುಡ್ಡು ಸುರಿದು ಪೆದ್ದನಾದೆ. ಅದು ಟೈರಿನ ತಪ್ಪಲ್ಲ. ಆ ಕಥೆ ಸ್ವಲ್ಪ ಉದ್ದ, ಮುಂದೆ ಬರುತ್ತದೆ.

ಬೈಕು 2018ರ ಕೆಟಿಎಂ ಆರ್‌ಸಿ 390. ಟೈರಿನ ಅಳತೆ ಮುಂದೆ 110/70, ಹಿಂದೆ 150/60 (ಮೊದಲ ಅಂಕಿ ಮಿ.ಮೀ. ಲೆಕ್ಕದ ಅಗಲ), ಎರಡೂ 17 ಇಂಚಿನ ರಿಮ್ಮಿಗೆ. ಅಪಾಚೆ ಆರ್‌ಆರ್ 310 ಇಟ್ಟುಕೊಂಡವರಿಗೂ ಇದೇ ಅಳತೆ, ಹಾಗಾಗಿ ಅವರಿಗೂ ಇದು ಉಪಯೋಗಕ್ಕೆ ಬರಬಹುದು. ದೊಡ್ಡ ಬೈಕಿನವರಿಗೆ 180, 190 ಅಂತ ಹಿಂದಿನ ಟೈರಿಗೆ ಹತ್ತಾರು ಆಯ್ಕೆ ಇರುತ್ತದೆ, ನಮಗೆ ಬೆರಳೆಣಿಕೆಯಷ್ಟು. ಅದಕ್ಕೇ ಕೆಲವರು ಹಿಂದೆ 160 ಹಾಕಿಸಿಕೊಳ್ಳುತ್ತಾರೆ. ನೋಡೋಕೆ ಜೋರಾಗಿರುತ್ತೆ, ನಿಜ. ಆದರೆ ನಮ್ಮ ಹಿಂದಿನ ರಿಮ್ಮಿನ ಅಗಲ 4 ಇಂಚು. ಅಗಲದ ಟೈರನ್ನು ಅದಕ್ಕೆ ತುರುಕಿದರೆ ಎರಡೂ ಕಡೆಯಿಂದ ಹಿಂಡಿದ ಹಾಗಾಗಿ ನಡು ಚೂಪಾಗುತ್ತದೆ, ಬೈಕು ಮಲಗುವ ರೀತಿಯೇ ಬದಲಾಗುತ್ತದೆ. ಬೇಡ ಬಿಡಿ.

ನಾನು ಹೋಗುವುದು ಶ್ರೀಪೆರಂಬದೂರಿನ ಹತ್ತಿರ ಇರುವ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೆ. ಈಗ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಅಂತ ಹೆಸರು ಬದಲಾಗಿದೆ, ನಮ್ಮ ಬಾಯಲ್ಲಿ ಮಾತ್ರ ಇನ್ನೂ ಎಂಎಂಆರ್‌ಟಿ (ಮದ್ರಾಸ್ ಮೋಟಾರ್ ರೇಸ್ ಟ್ರ್ಯಾಕ್). ಒಂದು ಸುತ್ತು, ಅಂದರೆ ಲ್ಯಾಪು, ಸುಮಾರು 3.7 ಕಿ.ಮೀ., 12 ತಿರುವು. ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತುವ ಟ್ರ್ಯಾಕು, ಅಂದರೆ ಬಲಕ್ಕೆ ಬಾಗುವುದೇ ಜಾಸ್ತಿ, ಟೈರಿನ ಬಲಗಡೆಯೇ ಮೊದಲು ಸವೆಯುವುದು. ಮಧ್ಯಾಹ್ನದ ಹೊತ್ತಿಗೆ ಟಾರಿನ ಮೇಲೆ ಕೈ ಇಡೋಕಾಗಲ್ಲ. ಅಲ್ಲಿಂದ ಬಂದು ಬೆಂಗಳೂರಿನ ಬೆಳಗಿನ ಚಳಿಯಲ್ಲಿ ಅದೇ ಟೈರು ಓಡಬೇಕು. ಟೈರು ಆರಿಸುವಾಗ ಜನ ಮರೆಯುವುದು ಇದನ್ನೇ.

ಮೊದಲು ಮೆಟ್ಜಲರ್ ಸ್ಪೋರ್ಟೆಕ್ ಎಂ5, ಬೈಕಿನ ಜೊತೆ ಬಂದದ್ದು. ಕಂಪನಿಯವರು ಹಾಕಿ ಕೊಡುವ ಟೈರು ಅಂದ ತಕ್ಷಣ ಬದಲಾಯಿಸಬೇಕು ಅಂತ ಬಹಳ ಜನಕ್ಕೆ ಕೈ ತುರಿಸುತ್ತದೆ. ನನಗೂ ತುರಿಸಿತ್ತು, ಜೇಬು ಬಿಡಲಿಲ್ಲ. ಒಳ್ಳೆಯದೇ ಆಯಿತು. ಮೊದಲ ಎರಡು ಟ್ರ್ಯಾಕ್ ಡೇ ಇದರಲ್ಲೇ ಮುಗಿಸಿದೆ, ಒಂದು ಸಲವೂ ಜಾರಲಿಲ್ಲ. ನನ್ನ ಒಳ್ಳೆಯ ಲ್ಯಾಪು 2 ನಿಮಿಷ 24 ಸೆಕೆಂಡು. ಅದಕ್ಕಿಂತ ಬೇಗ ಹೋಗದಂತೆ ತಡೆದದ್ದು ಟೈರಲ್ಲ, ನನ್ನ ಬ್ರೇಕು ಹಿಡಿಯುವ ಬೆರಳು. ಮಳೆಯಲ್ಲಂತೂ ಮೂರರಲ್ಲಿ ಇದನ್ನೇ ನಾನು ನಂಬುವುದು.

ಸುಮಾರು 9,000 ಕಿ.ಮೀ. ಆಗುವಾಗ ಹಿಂದಿನ ಚಕ್ರದ ಟೈರು ನಡುವೆ ಚಪ್ಪಟೆಯಾಗಿತ್ತು. ಹೈವೇ ಮೇಲೆ ಹೋಗಿಬರುವುದು 600 ಕಿ.ಮೀ.ಗೂ ಜಾಸ್ತಿ, ಎಲ್ಲ ನೇರ ರಸ್ತೆ, ನಡುವಿನ ರಬ್ಬರು ಮಾತ್ರ ತೇಯುತ್ತದೆ. ಹೀಗೆ ಚಪ್ಪಟೆಯಾದ ಟೈರಿನಲ್ಲಿ ತಿರುವಿಗೆ ಬಾಗಿದರೆ ಮೆಟ್ಟಿಲು ಇಳಿದ ಹಾಗೆ ಧಡಕ್ ಅಂತ ಒಂದು ಅಂಚು ದಾಟುತ್ತದೆ. ಆಫೀಸಿಗೆ ಹೋಗುವಾಗ ಗೊತ್ತೂ ಆಗಲ್ಲ, ಟ್ರ್ಯಾಕಿನಲ್ಲಿ ಮಾತ್ರ ಎದೆ ಝಲ್ ಅನ್ನುತ್ತೆ. ಸರಿ, ಟೈರು ಬದಲಾಯಿಸಬೇಕು ಅಂತ ಹುಡುಕೋಕೆ ಶುರು ಮಾಡಿದೆ.

ಅದು 2021ರ ಮಾರ್ಚ್. ಹಿಂದಿನ ವರ್ಷ, ಅಂದರೆ 2020ರ ಜೂನ್‌ನಲ್ಲಿ, ಹೊರಗಿನಿಂದ ಟೈರು ತರಿಸುವುದಕ್ಕೆ ಕೇಂದ್ರ ಸರ್ಕಾರ ಕಡಿವಾಣ ಹಾಕಿತ್ತು. ಲೈಸೆನ್ಸ್ ಇಲ್ಲದೆ ತರಿಸುವಂತಿಲ್ಲ. ಹಾಗಾಗಿ ಎಲ್ಲಿ ಕೇಳಿದರೂ ಸ್ಟಾಕ್ ಇಲ್ಲ, ಮುಂದಿನ ತಿಂಗಳು ಬನ್ನಿ ಅನ್ನುವ ಮಾತೇ. ಅಂಥ ಹೊತ್ತಿನಲ್ಲಿ ಒಂದು ಅಂಗಡಿಯವನು ಪಿರೆಲ್ಲಿ ಡಯಾಬ್ಲೊ ರೊಸ್ಸೊ 3 ಜೋಡಿ ಇದೆ ಅಂದ. "ಕೊನೇ ಜೋಡಿ ಸರ್, ನಿಮಗೆ ಅಂತ 3,000 ಕಡಿಮೆ ಮಾಡ್ತೀನಿ." ಊರಲ್ಲೆಲ್ಲ ಇಲ್ಲದ ಮಾಲಿಗೆ ಇವನು ಯಾಕೆ ಕಡಿಮೆ ಮಾಡ್ತಾನೆ ಅಂತ ಆಗ ನನಗೆ ಹೊಳೆಯಲೇ ಇಲ್ಲ. ಅಂಗಡಿ ಮುಂದೆ ಬಿಸಿಲಿಗೆ ಸಾಲಾಗಿ ಟೈರು ನೇತುಹಾಕಿದ್ದರು. ಪರವಾಗಿಲ್ಲ, ದೊಡ್ಡ ವ್ಯಾಪಾರ ಅಂದುಕೊಂಡೆ. ಟೈರಿನ ಮೈಮೇಲೆ ಹೊಸ ರಬ್ಬರಿನ ಸಣ್ಣ ಸಣ್ಣ ಮೀಸೆ ಹಾಗೇ ಇತ್ತು, ಸ್ಟಿಕ್ಕರೂ ಇತ್ತು. ಅಲ್ಲೇ ಹಾಕಿಸಿಕೊಂಡೆ.

ಹೊಸ ಟೈರು ಮೊದಲ 100 ಕಿ.ಮೀ. ಸ್ವಲ್ಪ ನಾಜೂಕು, ಅದು ಗೊತ್ತಿತ್ತು. ಚೆನ್ನೈಗೆ ಹೋಗುವ ದಾರಿಯಲ್ಲೇ ಅದು ಕಳೆದುಹೋಗುತ್ತದೆ ಅಂತ ಲೆಕ್ಕ ಹಾಕಿದ್ದೆ. ಮೊದಲ ಸೆಷನ್ನು (ಟ್ರ್ಯಾಕಿಗೆ ಬಿಡುವ ಒಂದು ಸರದಿ), ಮೂರನೇ ಲ್ಯಾಪು. ನಿಧಾನದ ಒಂದು ಬಲತಿರುವಿನಿಂದ ಹೊರಬರುತ್ತಾ ಆಕ್ಸಿಲರೇಟರ್ ಕೊಟ್ಟೆ, ಹಿಂದಿನ ಚಕ್ರ ಒಂದು ಗೇಣು ಪಕ್ಕಕ್ಕೆ ಹೋಗಿ ಮತ್ತೆ ಕಚ್ಚಿಕೊಂಡಿತು. ಇದು 43 ಕುದುರೆಶಕ್ತಿಯ ಬೈಕು ಕಣ್ರೀ, ಹಿಂದಿನ ಚಕ್ರ ಜಾರಿಸುವಷ್ಟು ನಾನೇನು ಕಿತ್ತು ಹಾಕಿರಲಿಲ್ಲ. ಟೈರು ಇನ್ನೂ ಬಿಸಿಯಾಗಿಲ್ಲ ಅಂತ ಸಮಾಧಾನ ಮಾಡಿಕೊಂಡೆ. ಎರಡನೇ ಸೆಷನ್ನಲ್ಲೂ ಅದೇ ಜಾಗ, ಅದೇ ಕಥೆ. ಗಾಳಿ ಜಾಸ್ತಿಯಾಗಿರಬೇಕು ಅಂತ 2 ಪಿಎಸ್‌ಐ ಇಳಿಸಿದೆ. ಮೂರನೇ ಸೆಷನ್ನಲ್ಲೂ ಬದಲಾಗಲಿಲ್ಲ. ತಪ್ಪು ನನ್ನದೇ, ನನಗೇ ಓಡಿಸೋಕೆ ಬರಲ್ಲ ಅನ್ನುವ ತೀರ್ಮಾನಕ್ಕೆ ಬಂದು, ಊಟದ ಹೊತ್ತಿನಲ್ಲಿ ಹೆಲ್ಮೆಟ್ ಪಕ್ಕದಲ್ಲಿಟ್ಟು ಸುಮ್ನೆ ಕೂತಿದ್ದೆ.

ಗೆಳೆಯನೊಬ್ಬನದೂ ಆರ್‌ಸಿ 390, ಅವನದೂ ರೊಸ್ಸೊ 3. ಅವನು ಕಾಲಿಡುವ ಫುಟ್‌ಪೆಗ್ ನೆಲಕ್ಕೆ ಉಜ್ಜುವಷ್ಟು ಬಾಗಿಸಿ ಓಡಿಸುತ್ತಿದ್ದ. ಬಂದವನು ನನ್ನ ಹಿಂದಿನ ಟೈರಿಗೆ ಹೆಬ್ಬೆರಳಿನ ಉಗುರು ಒತ್ತಿದ. ಆಮೇಲೆ ತನ್ನದಕ್ಕೆ ಒತ್ತಿದ. "ಮಗಾ, ನಿಂದಕ್ಕೆ ಉಗುರೇ ಇಳೀತಿಲ್ಲ, ಇಲ್ನೋಡು." ಅವನ ಟೈರಿನಲ್ಲಿ ಉಗುರಿನ ಗೆರೆ ಅರ್ಧಚಂದ್ರದ ಹಾಗೆ ಉಳಿದು ನಿಧಾನವಾಗಿ ಮಾಸುತ್ತಿತ್ತು. ನನ್ನದರಲ್ಲಿ ಏನೂ ಇಲ್ಲ, ಚಪ್ಪಲಿ ಅಟ್ಟೆಗೆ ಒತ್ತಿದ ಹಾಗೆ.

ಆಮೇಲೆ ಶುರುವಾಯಿತು ತಾರೀಖಿನ ಹುಡುಕಾಟ. ಟೈರಿನ ಪಕ್ಕದಲ್ಲಿ ಡಿಒಟಿ ಅಂತ ಅಚ್ಚಾಗಿರುತ್ತದಲ್ಲ, ಆ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. ಮೊದಲ ಎರಡು ಅಂಕಿ ತಯಾರಾದ ವಾರ, ಕೊನೆಯ ಎರಡು ಅಂಕಿ ವರ್ಷ. ಇಷ್ಟು ನನಗೆ ಮೊದಲೇ ಗೊತ್ತಿತ್ತು, ಅದೇ ಹೊಟ್ಟೆ ಉರಿಸುವ ವಿಷಯ. ಗೊತ್ತಿಲ್ಲದಿದ್ದದ್ದು ಏನಂದ್ರೆ, ಈ ನಾಲ್ಕು ಅಂಕಿ ಸಾಮಾನ್ಯವಾಗಿ ಒಂದು ಪಕ್ಕದಲ್ಲಿ ಮಾತ್ರ ಇರುತ್ತದೆ. ಬೈಕಿನ ಟೈರಿಗೆ ತಿರುಗುವ ದಿಕ್ಕಿನ ಬಾಣ ಇರುವುದರಿಂದ ಬೇಕಾದ ಹಾಗೆ ತಿರುಗಿಸಿ ಹಾಕುವಂತೆಯೂ ಇಲ್ಲ. ನನ್ನದರಲ್ಲಿ ಅದು ಚೈನಿನ ಕಡೆಗೆ ಬಂದಿತ್ತು. ಅಂಗಡಿಯಲ್ಲಿ ಬಲಗಡೆ ಬಗ್ಗಿ ನೋಡಿ, ಅಂಕಿ ಕಾಣದೆ, ಹೊಸದೇ ಇರಬೇಕು ಅಂತ ಎದ್ದು ಬಂದಿದ್ದೆ. ಈಗ ಬೈಕನ್ನು ಚಕ್ರ ಎತ್ತಿ ನಿಲ್ಲಿಸುವ ಪ್ಯಾಡಾಕ್ ಸ್ಟ್ಯಾಂಡಿಗೆ ಏರಿಸಿ, ಚಕ್ರ ತಿರುಗಿಸುತ್ತಾ, ಸ್ಪ್ರಾಕೆಟ್ಟಿನ ಹಿಂದೆ ಮೊಬೈಲ್ ಟಾರ್ಚು ಹಿಡಿದು, ಚೈನ್ ಲ್ಯೂಬಿನ ಜಿಡ್ಡನ್ನು ಬೆರಳಲ್ಲೇ ಒರೆಸಿದರೆ 3817. 2017ರ 38ನೇ ವಾರ. ಮೂರೂವರೆ ವರ್ಷದ ಮಾಲು. ಮುಂದಿನದೂ ಅದೇ ವರ್ಷದ್ದು.

ನೆರಳಲ್ಲಿ, ತಂಪಾದ ಗೋಡೌನಿನಲ್ಲಿ ಇಟ್ಟಿದ್ದರೆ ಆ ವಯಸ್ಸಿನ ಟೈರೂ ನಡೆಯುತ್ತಿತ್ತೋ ಏನೋ. ನನ್ನ ಜೋಡಿ ಆ ಬಾಗಿಲ ಬಿಸಿಲಿನಲ್ಲಿ ಎಷ್ಟು ಬೇಸಿಗೆ ಕಳೆದಿತ್ತೋ ದೇವರಿಗೇ ಗೊತ್ತು. ವಾಪಸ್ ಬಂದು ಅಂಗಡಿಗೆ ಹೋದೆ. ಓಡಿಸಿದ ಟೈರು ತಗೊಳಲ್ಲ ಸರ್ ಅಂದ. ಬಿಲ್ಲು ನೋಡಿದರೆ ಟೈರು ಎರಡು, ಮೊತ್ತ ಇಷ್ಟು, ಮತ್ತೇನೂ ಇಲ್ಲ. ಎಲ್ಲಿ ಜಗಳ ಆಡುವುದು? ಅವತ್ತಿನಿಂದ ಟೈರು ರಿಮ್ಮಿಗೆ ಏರುವ ಮುಂಚೆಯೇ ಎರಡೂ ಪಕ್ಕ ನೋಡಿ, ನಾಲ್ಕು ಅಂಕಿಯನ್ನು ಬಿಲ್ಲಿನಲ್ಲಿ ಬರೆಸುತ್ತೇನೆ. ಅಂಗಡಿಯವರು ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ.

ಪಿರೆಲ್ಲಿಗೆ ಅನ್ಯಾಯ ಮಾಡಬಾರದು. ಆ ಸಂಜೆ ಗೆಳೆಯ ತನ್ನ ಬೈಕು ಕೊಟ್ಟ. ಆರೇ ಲ್ಯಾಪು. ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ತಿರುವಿಗೆ ಬೀಳುತ್ತದೆ, ಬಾಗಿದ ಮೇಲೂ ಮುಂದಿನ ಚಕ್ರ ಏನು ಮಾಡುತ್ತಿದೆ ಅಂತ ಅಂಗೈಗೆ ಗೊತ್ತಾಗುತ್ತದೆ. ಮೂರರಲ್ಲಿ ಹಿಡಿತಕ್ಕೆ ಮೊದಲನೇ ಸ್ಥಾನ ಇದಕ್ಕೇ, ಅನುಮಾನವೇ ಬೇಡ. ನನಗೂ ಹೊಸ ತಾರೀಖಿನದು ಸಿಕ್ಕಿದ್ದರೆ ಈ ಹೋಲಿಕೆಯ ಫಲಿತಾಂಶವೇ ಬೇರೆ ಆಗುತ್ತಿತ್ತೇನೋ. ಆದರೆ ಜೋಡಿಗೆ 20,000 ದಾಟುವ ಟೈರನ್ನು ಕೃಷ್ಣಗಿರಿ, ವೆಲ್ಲೂರಿನ ನೇರ ರಸ್ತೆಯಲ್ಲಿ ತೇಯಿಸಿಕೊಂಡು ಹೋಗೋಕೆ ನನಗೆ ಮನಸ್ಸು ಬರಲ್ಲ.

ಹೀಗೆ ಅಪೊಲೊ ಬಂತು. ಇಲ್ಲೇ ತಯಾರಾಗುವ ಸ್ಟೀಲ್ ರೇಡಿಯಲ್ (ಒಳಗೆ ಉಕ್ಕಿನ ತಂತಿಯ ಪಟ್ಟಿ ಇರುವ ಟೈರು), ನಮ್ಮ ಅಳತೆಯಲ್ಲೇ ಸಿಗುತ್ತದೆ, ಹಡಗಿಗೆ ಕಾಯಬೇಕಿಲ್ಲ. ನನಗೆ ಸಿಕ್ಕ ಜೋಡಿ ತಯಾರಾಗಿ ಆರು ವಾರ ಆಗಿತ್ತು, ಬೆಲೆ ಪಿರೆಲ್ಲಿಯ ಅರ್ಧಕ್ಕಿಂತ ಕಡಿಮೆ. ಬೆಳಗಿನ ಮೊದಲ ಎರಡು ಲ್ಯಾಪು ತಾಳ್ಮೆ ಬೇಕು, ಬಿಸಿಯಾಗೋಕೆ ಪಿರೆಲ್ಲಿಗಿಂತ ಹೊತ್ತು ತೆಗೆದುಕೊಳ್ಳುತ್ತದೆ. ಮೂರನೇ ಲ್ಯಾಪಿನಿಂದ ಸರಿ. ಜೋರಾಗಿ ಬ್ರೇಕ್ ಹಿಡಿದಾಗ ಮುಂದಿನ ಟೈರು ಪಿರೆಲ್ಲಿಯಷ್ಟು ಮಾತಾಡಲ್ಲ, ಸ್ವಲ್ಪ ಮೌನಿ. ಮಧ್ಯಾಹ್ನದ ಸುಡುಬಿಸಿಲಿನಲ್ಲಿ ಕೊನೆಯ ಐದು ನಿಮಿಷ ಹಿಂದಿನದು ಮೆಲ್ಲಗೆ ಅಲುಗಾಡೋಕೆ ಶುರು ಮಾಡುತ್ತದೆ, ಆದರೆ ಮುಂಚೆಯೇ ಹೇಳಿ ಅಲುಗಾಡುತ್ತದೆ. ಅಷ್ಟು ಹೊತ್ತಿಗೆ ನನ್ನ ತೊಡೆಯೂ ನಡುಗುತ್ತಿರುತ್ತದೆ, ಇಬ್ಬರೂ ಒಟ್ಟಿಗೆ ಪಿಟ್ಟಿಗೆ ಬರುತ್ತೇವೆ. ಒಳ್ಳೆಯ ಲ್ಯಾಪು 2 ನಿಮಿಷ 19. ಮೆಟ್ಜಲರ್‌ಗಿಂತ ಐದು ಸೆಕೆಂಡು ಕಡಿಮೆ ಅಂತ ಟೈರಿಗೆ ಹಾರ ಹಾಕಬೇಡಿ, ನಡುವೆ ನಾನೂ ಒಂದಿಷ್ಟು ಕಲಿತಿದ್ದೆ.

ಐದು ಟ್ರ್ಯಾಕ್ ಡೇ ಆದ ಮೇಲೆ ಬಲ ಅಂಚು ಮರಳು ಕಾಗದದ ಹಾಗೆ ಒರಟಾಗಿತ್ತು, ಎಡ ಅಂಚಿನಲ್ಲಿ ಇನ್ನೂ ಬೇಕಾದಷ್ಟು ರಬ್ಬರಿತ್ತು. ನಡು ಚಪ್ಪಟೆಯಾಗಿದ್ದರೂ ಮೆಟ್ಜಲರ್‌ನಷ್ಟು ಇಲ್ಲ.

ಗಾಳಿಯ ಬಗ್ಗೆ ಒಂದು ಮಾತು. ಯಾವ ಟೈರಾದರೂ ಸರಿ, ಸ್ವಂತ ಗೇಜು ಇಟ್ಟುಕೊಳ್ಳಿ. ಒಂದು ಪೆಟ್ರೋಲ್ ಬಂಕಿನ ಮೀಟರು 30 ತೋರಿಸಿದರೆ ನನ್ನ ಗೇಜು 26 ಅಂತು. ಟ್ರ್ಯಾಕಿನಲ್ಲಿ ನಾನು ಬೆಳಿಗ್ಗೆ ತಣ್ಣಗಿರುವಾಗ ಮುಂದೆ 28, ಹಿಂದೆ 26 ಇಡುತ್ತೇನೆ. ಸೆಷನ್ ಮುಗಿಸಿ ಬಂದ ತಕ್ಷಣ ನೋಡಿದರೆ ಮೂರು ನಾಲ್ಕು ಏರಿರುತ್ತದೆ. ಟ್ರ್ಯಾಕಿಗೆ ಅಂತ ಇಳಿಸಿದ ಗಾಳಿ ರಸ್ತೆಗೆ ಸಾಲದು, ಸಂಜೆ ಹೊರಡುವ ಮುಂಚೆ ಮತ್ತೆ ತುಂಬಿಸಬೇಕು. ಒಮ್ಮೆ ಮರೆತು ಆಂಬೂರಿನವರೆಗೆ ಹಾಗೇ ಬಂದೆ, ಬಿರಿಯಾನಿಗೆ ನಿಲ್ಲಿಸಿದಾಗಲೇ ನೆನಪಾಗಿದ್ದು.

ಟಿವಿಎಸ್ ಯೂರೋಗ್ರಿಪ್ ಪ್ರೊಟಾರ್ಕ್ ಎಕ್ಸ್‌ಟ್ರೀಮ್ ಬೇರೆಯವರ ಆರ್‌ಆರ್ 310ನಲ್ಲಿ ಒಂದೇ ಸೆಷನ್ ಓಡಿಸಿದ್ದು, ಇಷ್ಟವಾಯಿತು, ಅಷ್ಟರಲ್ಲೇ ತೀರ್ಪು ಕೊಡಲ್ಲ. ಪಿರೆಲ್ಲಿ ಸೂಪರ್‌ಕೊರ್ಸಾ ನಮ್ಮ ಅಳತೆಯಲ್ಲಿ ಇದೆ, ಬೈಕನ್ನು ಟೆಂಪೋದಲ್ಲಿ ಸಾಗಿಸುವವರ ಮಾಲು ಅದು. ರೇಸಿನವರು ಬಿಸಾಡಿದ ಸ್ಲಿಕ್ಕು (ಗೀರಿಲ್ಲದ ನುಣುಪು ಟೈರು) ಅಗ್ಗಕ್ಕೆ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ, ಅದನ್ನು ಓಡಿಸುವ ಮುಂಚೆ ಬಿಸಿ ಮಾಡುವ ಟೈರ್ ವಾರ್ಮರ್ ಯಾರು ಕೊಡಿಸ್ತಾರೆ ಅಂತ ಕೇಳಿ. ಬಿಸಿಯಾಗದ ಸ್ಲಿಕ್ಕು ನನ್ನ 3817ಕ್ಕೆ ಅಣ್ಣ.

ನಾನು ವರ್ಷಕ್ಕೆ ಮೂರು, ಹೆಚ್ಚೆಂದರೆ ನಾಲ್ಕು ಸಲ ಟ್ರ್ಯಾಕಿಗೆ ಹೋಗುವವನು. ಮಿಕ್ಕ ದಿನವೆಲ್ಲ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಕಾಲೂರಿ ನಿಲ್ಲುವುದೇ. ಅಪೊಲೊದಲ್ಲಿ ಉಳಿದ ದುಡ್ಡು ಇನ್ನೊಂದು ಟ್ರ್ಯಾಕ್ ಡೇ ಫೀಸಿಗೆ ಆಗುತ್ತದೆ, ನನ್ನ ಮಟ್ಟದವನಿಗೆ ಜಾಸ್ತಿ ಹಿಡಿತಕ್ಕಿಂತ ಜಾಸ್ತಿ ಲ್ಯಾಪು ಮುಖ್ಯ. ಮಳೆಗಾಲದಲ್ಲೇ ಜಾಸ್ತಿ ಓಡಿಸುವವರಾದರೆ ಮೆಟ್ಜಲರ್ ನೋಡಿ. ನಾಲ್ಕು ಜನ ಸೇರಿ ಟೆಂಪೋ ಮಾಡಿಕೊಂಡು ಹೋಗುವವರಾದರೆ, ಕೈಯಲ್ಲಿ ದುಡ್ಡೂ ಇದ್ದರೆ, ಕಣ್ಣು ಮುಚ್ಚಿಕೊಂಡು ಪಿರೆಲ್ಲಿ ತಗೊಳ್ಳಿ. ಕಣ್ಣು ಮುಚ್ಚುವ ಮುಂಚೆ ತಾರೀಖು ನೋಡಿ ಅಷ್ಟೇ.

ಈಗಿರುವುದು ನನ್ನ ಎರಡನೇ ಅಪೊಲೊ ಜೋಡಿ. ಹಿಂದಿನ ಚಕ್ರದ ಟೈರಿನ ಬಲ ಅಂಚು ಇನ್ನೊಂದು ಟ್ರ್ಯಾಕ್ ಡೇ ತಡೆಯುತ್ತದೆ ಅಂತ ನನ್ನ ಲೆಕ್ಕ. ಗೆಳೆಯ ಬಂದು ಉಗುರು ಒತ್ತಿ ನೋಡಿ, ಅರ್ಧ ದಿನ ಮಾತ್ರ ಅಂದಿದ್ದಾನೆ.